ಶೌಚಾಲಯದ ಕೊಳವೆ ಕಟ್ಟಿಕೊಂಡರೆ ಆಸಿಡ್ ಸುರಿಯಬಹುದೇ?

ಪ್ರಶ್ನೆ: ನಮ್ಮ ಮನೆಯ ಶೌಚಾಲಯದಲ್ಲಿ ನೀರು ಹಾಕಿದರೆ ಕಮೋಡ್ ಅಂಚಿನವರೆಗೂ ತುಂಬಿಕೊಂಡು, ಬಹಳ ಹೊತ್ತಾದ ಮೇಲೆ ನಿಧಾನವಾಗಿ ಇಳಿಯುತ್ತದೆ. ಆಸಿಡ್ ಸುರಿಯಿರಿ ಎಂದು ಅಂಗಡಿಯವರು ಹೇಳಿದರೆ, ಸೆಪ್ಟಿಕ್ ಟ್ಯಾಂಕಿಗೆ ಆಳು ಇಳಿಸಿ ಎಂದು ನೆರೆಯವರು ಹೇಳುತ್ತಾರೆ. ಯಾವುದು ಸರಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ದಯವಿಟ್ಟು ಎರಡನ್ನೂ ಮಾಡಬೇಡಿ. ಕಟ್ಟಿಕೊಂಡಿರುವುದು ಎಲ್ಲಿ ಎಂಬುದನ್ನು ಮೊದಲು ತಿಳಿಯಬೇಕು. ಹಿತ್ತಲಿನಲ್ಲಿರುವ ಛೇಂಬರಿನ (ಕಮೋಡಿನ ಕೊಳವೆ ಬಂದು ಸೇರುವ ಸಣ್ಣ ತೊಟ್ಟಿಯ) ಮುಚ್ಚಳವನ್ನು ತೆರೆದು ನೋಡಿ: ಅದರಲ್ಲಿ ನೀರು ನಿಂತಿದ್ದರೆ ತಡೆ ಅದರಿಂದಾಚೆಗಿದೆ, ಖಾಲಿ ಇದ್ದರೆ ಕಮೋಡಿಗೂ ಛೇಂಬರಿಗೂ ನಡುವೆ, ಹೆಚ್ಚಾಗಿ ಕಮೋಡಿನ ಬುಡದ ಬಾಗಿದ ಕೊಳವೆಯಲ್ಲೇ ಇದೆ.

ಟ್ರ್ಯಾಪ್ ಎಂದು ಕರೆಯುವ ಈ ಬಾಗಿನಲ್ಲಿ ಸುಮಾರು 50 ಮಿಲಿಮೀಟರ್ ಆಳದ ನೀರು ಸದಾ ನಿಂತು, ಗುಂಡಿಯ ದುರ್ವಾಸನೆ ಮನೆಯೊಳಗೆ ಬಾರದಂತೆ ತಡೆಯುತ್ತದೆ. ಸ್ಯಾನಿಟರಿ ಪ್ಯಾಡ್, ಮಗುವನ್ನು ಒರೆಸುವ ವೈಪ್ಸ್, ಬಟ್ಟೆಯ ಚೂರು ಸಿಕ್ಕಿಕೊಳ್ಳುವುದೂ ಇಲ್ಲಿಯೇ. ಆಸಿಡ್ ಹಳದಿ ಕರೆಯನ್ನು ಕರಗಿಸೀತೇ ಹೊರತು ಪ್ಯಾಡಿನ ಪ್ಲಾಸ್ಟಿಕ್ಕನ್ನು ಕರಗಿಸಲಾರದು. ಮೊದಲೇ ಬ್ಲೀಚಿಂಗ್ ಪುಡಿ ಹಾಕಿದ್ದ ಕಡೆ ಆಸಿಡ್ ಬಿದ್ದರೆ ಕ್ಲೋರಿನ್ ಅನಿಲ ಎದ್ದು, ಕಿಟಕಿಯಿಲ್ಲದ ಸಣ್ಣ ಕೋಣೆಯಲ್ಲಿ ಉಸಿರಿಗೇ ಅಪಾಯವಾಗುತ್ತದೆ. ಸೆಪ್ಟಿಕ್ ಟ್ಯಾಂಕಿನಲ್ಲಿ ಮಲವನ್ನು ಕೊಳೆಸುವ ಬ್ಯಾಕ್ಟೀರಿಯಾಗಳಿಗೂ ಆಸಿಡ್ ಹಾನಿಕರ.

ಕೈಗವಸು ತೊಟ್ಟು ಪ್ಲಂಜರ್ (ಉದ್ದ ಹಿಡಿಯ ತುದಿಗೆ ರಬ್ಬರ್ ಬಟ್ಟಲು ಇರುವ ಸಾಧನ) ಬಳಸಿ. ಕಮೋಡಿಗಾದರೆ ಬಟ್ಟಲಿನ ಕೆಳಗೆ ಮಡಿಕೆಯಂತೆ ಇಳಿಬಿದ್ದ ರಬ್ಬರಿನ ತುಟಿ ಇರುವುದನ್ನೇ ಕೊಳ್ಳಬೇಕು, ಚಪ್ಪಟೆ ಬಟ್ಟಲು ಅಲ್ಲಿ ಸರಿಯಾಗಿ ಕೂರುವುದಿಲ್ಲ. ರಬ್ಬರ್ ಪೂರ್ತಿ ನೀರಿನಲ್ಲಿ ಮುಳುಗಿರಬೇಕು. ಮೊದಲ ಸಲ ಮೆಲ್ಲಗೆ ಒತ್ತಿ ಒಳಗಿನ ಗಾಳಿಯನ್ನು ಹೊರಡಿಸಿ. ಆಮೇಲೆ ರಬ್ಬರಿನ ಹಿಡಿತ ಬಿಡದಂತೆ ಹದಿನೈದು ಇಪ್ಪತ್ತು ಸಲ ಬಿರುಸಾಗಿ ಒತ್ತಿ ಎಳೆಯಿರಿ. ಬಹಳ ಜನ ಒತ್ತುವುದಕ್ಕಷ್ಟೇ ಬಲ ಹಾಕುತ್ತಾರೆ, ಆದರೆ ಸಿಕ್ಕಿಕೊಂಡದ್ದನ್ನು ಸಡಿಲಿಸುವುದರಲ್ಲಿ ಎಳೆತಕ್ಕೂ ಅಷ್ಟೇ ಪಾಲಿದೆ. ತಡೆ ಬಿಟ್ಟೊಡನೆ ಗುಳುಗುಳು ಸದ್ದಾಗಿ ನೀರು ಒಮ್ಮೆಲೇ ಇಳಿಯುತ್ತದೆ. ಫ್ಲಶ್ ಒತ್ತುವ ಬದಲು ಅರ್ಧ ಬಕೆಟ್ ನೀರು ಸುರಿದು ಪರೀಕ್ಷಿಸಿದರೆ, ತಡೆ ಇನ್ನೂ ಉಳಿದಿದ್ದರೂ ನೆಲದ ಮೇಲೆ ಹರಿಯುವುದು ತಪ್ಪುತ್ತದೆ.

ಮಲವೋ ಸೋಪಿನ ಜಿಡ್ಡೋ ಕಟ್ಟಿಕೊಂಡಿದ್ದರೆ ಪಾತ್ರೆ ತೊಳೆಯುವ ದ್ರವವನ್ನೂ ಸ್ನಾನಕ್ಕೆ ಕಾಯಿಸುವಷ್ಟು ಬಿಸಿಯ ನೀರನ್ನೂ ಹಾಕಿ ಅರ್ಧ ಗಂಟೆ ಬಿಡಿ. ಕುದಿಯುವ ನೀರು ಬೇಡ, ಪಿಂಗಾಣಿ ಬಿರಿಯಬಹುದು. ಕಬ್ಬಿಣದ ಸಲಾಕೆಯಿಂದ ತಿವಿದರೂ ಅದೇ ಗತಿ. ಇದಕ್ಕೂ ಬಗ್ಗದಿದ್ದರೆ ಸ್ಪ್ರಿಂಗ್ ತಂತಿ ಇರುವ ಪ್ಲಂಬರನ್ನು ಕರೆಸಿ.

ಛೇಂಬರ್ ತುಂಬಿದ್ದರೆ ಕೊಳವೆಯಾಗಲಿ ಟ್ಯಾಂಕಾಗಲಿ ಕಟ್ಟಿರಬಹುದು. ಟ್ಯಾಂಕೇ ತುಂಬಿದ್ದಾದರೆ ನಿಮ್ಮ ನಗರಾಡಳಿತದ ಕಚೇರಿಯಲ್ಲಿ ಕೇಳಿ ಹೀರುವ ಯಂತ್ರದ ವಾಹನವನ್ನು ಗೊತ್ತುಮಾಡಿ. ಆಳನ್ನು ಮಾತ್ರ ಎಂದಿಗೂ ಇಳಿಸಬೇಡಿ. ಟ್ಯಾಂಕಿನಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹೆಚ್ಚಾಗಿದ್ದರೆ ಒಳಗಿಳಿದವರು ಕೂಗುವ ಮೊದಲೇ ಪ್ರಜ್ಞೆ ತಪ್ಪಿ ಬೀಳುತ್ತಾರೆ, ಅವರನ್ನು ಎತ್ತಲು ಇಳಿದವರೂ ಸಾಯುತ್ತಾರೆ. ಸುರಕ್ಷಾ ಸಾಧನಗಳಿಲ್ಲದೆ ಹೀಗೆ ಒಬ್ಬರನ್ನು ಇಳಿಸುವುದು ಕೈಯಿಂದ ಮಲ ಬಾಚಿಸುವುದನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು.