ತಾತನ ದನಿ ಅಜ್ಜಿಗೆ ಕೇಳಿಸಲಾ, ಬೇಡವಾ?

ಪ್ರಶ್ನೆ: ನಮ್ಮದು ಮಾನ್ವಿ ತಾಲ್ಲೂಕಿನ ಹಳ್ಳಿ. ನನಗೆ 27 ವರ್ಷ, ಬೆಂಗಳೂರಿನಲ್ಲಿ ಕೆಲಸ. 2025ರ ಜನವರಿಯಲ್ಲಿ ತಾತ ತೀರಿಕೊಂಡರು. ಅವರು ವಾಟ್ಸಾಪಿನಲ್ಲಿ ಟೈಪ್ ಮಾಡುತ್ತಿರಲಿಲ್ಲ, ಮಾತಾಡಿ ಕಳಿಸುತ್ತಿದ್ದರು. ಅಂಥ 43 ಮೆಸೇಜು ನನ್ನ ಫೋನಿನಲ್ಲಿವೆ. ಅದು ಗೊತ್ತಾದಾಗಿನಿಂದ ಅಜ್ಜಿ 'ಒಮ್ಮೆ ಕೇಳಿಸವ್ವಾ' ಅನ್ನುತ್ತಾರೆ. ದೊಡ್ಡಪ್ಪ, 'ಆಕಿಗೆ ಬಿ.ಪಿ. ಐತಿ, ಆರಿದ ಗಾಯ ಕೆದರಬ್ಯಾಡ' ಅನ್ನುತ್ತಾರೆ. ಕಾಕಾನ ಮಗ ಆ ಮೆಸೇಜುಗಳನ್ನು ಎಐಗೆ ಹಾಕಿ, ಮೊದಲ ವರ್ಷದ ಪುಣ್ಯಸ್ಮರಣೆಯ ದಿನ ತಾತನ ದನಿಯಲ್ಲೇ ಎಲ್ಲರಿಗೂ ಆಶೀರ್ವಾದ ಹೇಳಿಸುತ್ತೇನೆ ಅಂತಿದ್ದಾನೆ. ಯಾರಿಗೂ ಹೇಳದ ಇನ್ನೊಂದು ಮಾತಿದೆ. ತಾತನ ಕೊನೆಯ ಮೆಸೇಜನ್ನು ನಾನು ಇನ್ನೂ ಕೇಳಿಲ್ಲ. ಆಫೀಸು ಮುಗಿಸಿ ಕೇಳೋಣ ಅಂದುಕೊಂಡಿದ್ದೆ. ಮರುದಿನ ಊರಿಂದ ಫೋನ್ ಬಂತು.

ಉತ್ತರ: ಕೇಳಿಸು ತಂಗಿ. ಅಜ್ಜಿ ತಾವಾಗಿಯೇ ಕೇಳುತ್ತಿದ್ದಾರೆ, ಬೇರೆ ಕಾರಣ ಬೇಕಾಗಿಲ್ಲ.

ದೊಡ್ಡಪ್ಪನ ಮೇಲೆ ಸಿಟ್ಟಾಗಬೇಡ. ಅಪ್ಪನನ್ನು ಮಣ್ಣು ಮಾಡಿ ಬಂದ ಮಗ, ಅವ್ವನನ್ನಾದರೂ ಜೋಪಾನ ಮಾಡಬೇಕು ಅಂತ ಹೆದರಿದ್ದಾರೆ. ಆದರೆ ಗಾಯ ಆರಿದೆ ಅಂತ ಅವರಿಗೆ ಯಾರು ಹೇಳಿದರು? ಅಜ್ಜಿ ಹೇಳಿದರಾ? ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಣ್ಣುಮಕ್ಕಳು ಹಾಡ್ಯಾಡಿ ಅಳುತ್ತಾರೆ, ಹೋದವರು ಏನು ತಂದುಕೊಟ್ಟರು, ಯಾವ ಮಾತು ಆಡುತ್ತಿದ್ದರು ಅಂತ ಒಂದೊಂದೇ ನೆನೆಸಿ ಅಳುತ್ತಾರೆ, ಅದನ್ನು ಯಾರೂ ತಡೆಯೋದಿಲ್ಲ. ದಿನಕರ್ಮ ಮುಗಿದ ಮೇಲೆ ಮಾತ್ರ ಎಲ್ಲರೂ ಸೇರಿ ಆ ಹೆಣ್ಣುಮಗಳಿಗೆ 'ಸುಮ್ಮನಿರು' ಅನ್ನುತ್ತೇವೆ. ನಿನ್ನ ಅಜ್ಜಿ ಒಂದು ವರ್ಷದಿಂದ ಸುಮ್ಮನಿದ್ದಾರೆ.

ನಮ್ಮಪ್ಪ ತೀರಿಕೊಂಡಾಗ ನಾವೂ ಹೀಗೇ ಮಾಡಿದೆವು. ನೋಡಿದರೆ ಅವ್ವ ಅಳುತ್ತಾಳೆ ಅಂತ ಅಪ್ಪನ ಧೋತರ, ರುಮಾಲು, ಎಲೆ ಅಡಿಕೆ ಸಂಚಿ ಎಲ್ಲ ಒಂದೇ ವಾರದಲ್ಲಿ ಕೊಟ್ಟುಬಿಟ್ಟೆವು. ಆರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವ್ವ ಟ್ರಂಕು ತೆಗೆದು ಏನೋ ಹುಡುಕುತ್ತಿದ್ದಳು. ಏನವ್ವಾ ಅಂದರೆ 'ಏನಿಲ್ಲ' ಅಂದಳು. ಕೊಡೋ ಮುಂಚೆ ಅವಳನ್ನೊಂದು ಮಾತು ಕೇಳಬೇಕು ಅಂತ ನಮಗೆ ಯಾರಿಗೂ ಹೊಳೆದಿರಲಿಲ್ಲ. ಆ ಸಂಚಿ ಈಗ ಎಲ್ಲಿಂದ ತರಲಿ?

ಬಿ.ಪಿ. ಮಾತನ್ನು ತೆಗೆದುಹಾಕಬೇಡ. ಅಜ್ಜಿಯನ್ನು ನೋಡುವ ಡಾಕ್ಟರಿಗೆ ಮೊದಲೇ ಹೇಳು, ಮಾತ್ರೆ ತಪ್ಪದಂತೆ ನೋಡಿಕೊ. ರಾತ್ರಿ ಬೇಡ, ಬೆಳಿಗ್ಗೆ ರೊಟ್ಟಿ ತಿಂದಾದ ಮೇಲೆ ಕೂಡಿಸಿಕೊ. ಒಂದೋ ಎರಡೋ ಸಾಕು. ಸಾಕವ್ವ ಅಂದರೆ ನಿಲ್ಲಿಸು, ಇನ್ನೊಮ್ಮೆ ಹಚ್ಚು ಅಂದರೆ ಹಚ್ಚು. ಅಳುತ್ತಾರೆ, ಅಳಲಿ, ನೀನೂ ಅಳು, ದೊಡ್ಡಪ್ಪನನ್ನೂ ಪಕ್ಕದಲ್ಲೇ ಕೂಡಿಸಿಕೊ, ಅವರೂ ಅಪ್ಪನ ದನಿ ಕೇಳಿ ಒಂದು ವರ್ಷವಾಯಿತು ಅಲ್ವಾ. ಆಮೇಲೆ ವಾರಗಟ್ಟಲೆ ಅಜ್ಜಿ ಸರಿಯಾಗಿ ಉಣ್ಣಲಿಲ್ಲ, ನಿದ್ದೆ ಇಲ್ಲ ಅಂತಾದರೆ ಮಾತ್ರ ಡಾಕ್ಟರಿಗೆ ತೋರಿಸು. ಮನಸ್ಸಿನ ಸಂಕಟ ಹೇಳಿಕೊಳ್ಳೋಕೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅಜ್ಜಿಗೆ ಅಂತಲ್ಲ, ನಿನಗೆ ಬೇಕೆನಿಸಿದರೂ ಮಾಡು.

ಯಾವುದನ್ನು ಮೊದಲು ಕೇಳಿಸಲಿ ಅಂದರೆ, ನೀನು ಪತ್ರದ ಜೊತೆ ಬರೆದು ಕಳಿಸಿದ ಇದನ್ನು: 'ಯವ್ವಾ, ಕಾಲುವಿಗೆ ನೀರು ಬಂದಾವ ನೋಡು. ಉಂಡಿಯೇನು?' ಇಷ್ಟೇ ಮಾತು. ತುಂಗಭದ್ರಾ ಎಡದಂಡೆ ಕಾಲುವೆ 200 ಕಿ.ಮೀ.ಗಿಂತ ಉದ್ದ, ನಿಮ್ಮದು ಕೊನೆ ಭಾಗದ ಹೊಲ. ಮೇಲಿನವರಿಗೆ ಹರಿದು ಉಳಿದರೆ ನಿಮಗೆ. ನೀರು ಬಂದ ದಿನ ತಾತ ಬೆಂಗಳೂರಿನ ಮೊಮ್ಮಗಳಿಗೆ ಯಾಕೆ ಹೇಳುತ್ತಿದ್ದರು ಅಂತ ಕೊನೆ ಭಾಗದ ರೈತರ ಮನೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು, 2024ರ ಆಗಸ್ಟಿನದು. 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಹರಿದು ಗೇಟೇ ಕೊಚ್ಚಿಹೋದಾಗ, ಕಣ್ಣಮುಂದೆ ನೀರು ಹೊಳೆಗೆ ಹರಿದುಹೋಗುತ್ತಿರುವಾಗ, ತಾತ ಕಳಿಸಿದ್ದು: 'ನೆಲ್ಲು ಹ್ವಾದ್ರ ಹೋಗಲಿ, ನೀ ಆರಾಮಿರವ್ವ.' ಒಂದು ವಾರದಲ್ಲಿ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಅನ್ನೋ ತಾತ್ಕಾಲಿಕ ತಡೆ ಇಳಿಸಿ ನೀರು ನಿಲ್ಲಿಸಿದರು. ಆ ಒಂದು ವಾರ ತಾತ ಮನೆಯಲ್ಲಿ ಹೇಗಿದ್ದರು, ಊಟ ಮಾಡಿದರಾ, ಯಾರ ಹತ್ತಿರ ಏನಂದರು ಅಂತ ನಿನಗೆ ಗೊತ್ತಿಲ್ಲ. ಅಜ್ಜಿಗೆ ಗೊತ್ತು. ಮೆಸೇಜು ಕೇಳಿದ ಮೇಲೆ ಅದನ್ನು ಕೇಳು.

ಕಾಕಾನ ಮಗನಿಗೆ ಬೇಡ ಅಂತ ಹೇಳು. ಪ್ರೀತಿಯಿಂದ ಹೇಳು, ಆದರೆ ಗಟ್ಟಿಯಾಗಿ ಹೇಳು. ತಾತ ಆಡದ ಮಾತನ್ನು ಅವರ ಬಾಯಲ್ಲಿ ಆಡಿಸೋದು ಸರಿಯಲ್ಲ, ಅದು ಆಶೀರ್ವಾದವೇ ಆಗಿದ್ದರೂ. ನಾಳೆ ಅಜ್ಜಿಗೆ ಯಾವುದು ಗಂಡ ನಿಜವಾಗಿ ಆಡಿದ್ದು, ಯಾವುದು ಹುಡುಗರು ಮಾಡಿದ್ದು ಅಂತ ಗೊಂದಲವಾದರೆ ಆ 43ರ ಮೇಲಿನ ನಂಬಿಕೆಯೂ ಹೋಗುತ್ತದೆ. ಅವನಿಗೆ ಬೇರೆ ಕೆಲಸ ಕೊಡು. ಎಲ್ಲವನ್ನೂ ಪೆನ್‌ಡ್ರೈವಿಗೆ ಇಳಿಸಿ, ತಾರೀಖು ಹಾಕಿ ಹೆಸರಿಡಲಿ, ನಿನ್ನ ಇಮೇಲಿಗೂ ಒಂದು ಪ್ರತಿ ಕಳಿಸಲಿ. 120 ದಿನ ಬಳಸದಿದ್ದರೆ ವಾಟ್ಸಾಪ್ ಖಾತೆಯನ್ನೇ ಅಳಿಸುತ್ತದೆ, ಹಾಗಾಗಿ ತಾತನ ಖಾತೆ ಇಷ್ಟರಲ್ಲಿ ಹೋಗಿರಬಹುದು. ನಿನ್ನ ಫೋನಿನಲ್ಲಿರುವವು ಹಾಗೇ ಇರುತ್ತವೆ, ಆದರೆ ಫೋನು ಬಸ್ಸಿನಲ್ಲಿ ಬಿದ್ದರೆ? ಇದನ್ನು ಈ ವಾರವೇ ಮಾಡು. ಪುಣ್ಯಸ್ಮರಣೆಯ ದಿನ ಬಂದವರೆಲ್ಲರ ಮುಂದೆ ಮೈಕಿನಲ್ಲಿ ಹಾಕೋದೂ ಬೇಡ, ಅಜ್ಜಿಯೇ ಹಾಕಿ ಅಂದರೆ ಮಾತು ಬೇರೆ.

ಇನ್ನು ಆ ಕೊನೆಯದು. ಅದನ್ನು ಕೇಳದೆ ಉಳಿಸಿಕೊಂಡರೆ ತಾತ ನಿನಗೆ ಹೇಳೋ ಮಾತು ಇನ್ನೂ ಒಂದು ಬಾಕಿ ಇದೆ ಅಂತ ನಿನಗೆ ಅನಿಸುತ್ತಿರಬಹುದು. ನನಗೆ ಅರ್ಥವಾಗುತ್ತದೆ. ಆಫೀಸು ಮುಗಿಸಿ ಕೇಳೋಣ ಅಂದುಕೊಂಡದ್ದು ತಪ್ಪಲ್ಲ ತಂಗಿ. ಉಳಿದ 42 ಅನ್ನೂ ನೀನು ಹಾಗೇ ಕೇಳಿದ್ದು, ತಾತನೂ ಹಾಗೇ ಕಳಿಸುತ್ತಿದ್ದರು, ಕೈ ಬಿಡುವಾದಾಗ ಕೇಳುತ್ತಾಳೆ ಅಂತ. ನಾಳೆ ಸಾಯುತ್ತೇನೆ ಅಂತ ತಿಳಿದು ಕಳಿಸಿದ್ದಲ್ಲ ಅದು. ಬಹಳ ಮಾಡಿ ಅದರಲ್ಲೂ 'ಉಂಡಿಯೇನು' ಇರುತ್ತದೆ.

ಊರಿಗೆ ಹೋಗುವ ಮುಂಚೆ ನೀನೊಬ್ಬಳೇ ಕೇಳು. ರಜೆ ದಿನ, ಮನಸ್ಸು ತಡೆಯದಿದ್ದರೆ ಕರೆಯಲು ಒಬ್ಬ ಗೆಳತಿ ಹತ್ತಿರದಲ್ಲಿರಲಿ. ಅಜ್ಜಿಯ ಎದುರು ಮೊದಲ ಸಲ ತೆಗೆಯಬೇಡ. ಅದರಲ್ಲಿ ತಾತ ಕೆಮ್ಮುತ್ತಿದ್ದರೆ, ಸುಸ್ತಾಗಿ ಮಾತಾಡಿದ್ದರೆ, ಅಜ್ಜಿಗೆ ಅದನ್ನು ಕೇಳಿಸೋದಾ ಬೇಡವಾ ಅಂತ ನೀನು ಯೋಚಿಸಲು ಸಮಯ ಬೇಕು. 'ಅವ್ವಾ, ಇನ್ನೊಂದು ಐತಿ, ಸ್ವಲ್ಪ ಸುಸ್ತಾದಂಗ ಮಾತಾಡ್ಯಾರ, ಕೇಳ್ತೀಯೇನು?' ಅಂತ ಕೇಳು. ಕೇಳೋದು ಬಿಡೋದು ಅವರಿಗೆ ಬಿಟ್ಟದ್ದು.

ಅಜ್ಜಿಗೆ ಕಿವಿ ಮಂದ ಅಂತ ಬರೆದಿದ್ದೀಯ. ಕಿವಿಗೆ ಇಯರ್‌ಫೋನ್ ಸಿಗಿಸಬೇಡ, ಚಿಕ್ಕದೊಂದು ಸ್ಪೀಕರ್ ಒಯ್ಯಿ. ಮತ್ತೆ, ಅಜ್ಜಿ ತಾತನ ಬಗ್ಗೆ ಹೇಳಲು ಶುರು ಮಾಡಿದರೆ, ರೆಕಾರ್ಡ್ ಮಾಡಿಕೊಳ್ಳಲಾ ಅಂತ ಅವರನ್ನೇ ಕೇಳು.