ವರ್ಷದ ಅಕ್ಕಿಗಿಂತ ಮೊದಲು ಎರಡು ವಾರದ ನೀರು

ನಮಸ್ಕಾರ.

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಬೇರೆ ಓದುಗರಿಗೂ ವಿಷಯ ತಿಳಿಯಲಿ ಎಂದು ನಿಮ್ಮ ಪತ್ರವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮನೆಯಲ್ಲಿ ಐದು ಜನ. ನೀವು, ನಿಮ್ಮ ಯಜಮಾನರು, ಇಬ್ಬರು ಮಕ್ಕಳು, ಇನ್ಸುಲಿನ್ ತೆಗೆದುಕೊಳ್ಳುವ ಅತ್ತೆ. ಪ್ರವಾಹ, ಭೂಕಂಪ, ಯುದ್ಧದ ಸುದ್ದಿ ನೋಡಿ ನೋಡಿ ನಿಮಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಒಂದು ವರ್ಷಕ್ಕಾಗುವಷ್ಟು ಅಕ್ಕಿ, ಬೇಳೆ ತಂದು ಒಂದು ಕೋಣೆ ತುಂಬಿಸಿಬಿಡೋಣ ಅನಿಸುತ್ತಿದೆ. ಯಜಮಾನರು ನಗುತ್ತಾರೆ. ನಿಮ್ಮ ಪ್ರಶ್ನೆ ಮೂರು. ಎಷ್ಟು ಕೂಡಿಡಬೇಕು? ಹೀಗೆ ಕೂಡಿಡುವುದು ಬೇರೆಯವರ ಪಾಲು ಕಸಿದ ಹಾಗಲ್ವಾ? ಮಕ್ಕಳ ಮುಂದೆ ಇದನ್ನೆಲ್ಲ ಮಾತಾಡಬಹುದಾ?

ನಿಮ್ಮ ಭಯ ಹುಚ್ಚಲ್ಲ. ಇದನ್ನು ಮೊದಲೇ ಹೇಳಬೇಕು. ಸ್ವೀಡನ್ ಸರ್ಕಾರ 2018ರಲ್ಲಿ ಮತ್ತು ಮತ್ತೆ 2024ರಲ್ಲಿ ಮನೆಮನೆಗೂ ಒಂದು ಕಿರುಪುಸ್ತಕ ಕಳಿಸಿತು. ಯುದ್ಧವೋ ವಿಪತ್ತೋ ಬಂದರೆ ಒಂದು ವಾರ ನಿಮ್ಮ ಕಾಲ ಮೇಲೆ ನೀವು ನಿಲ್ಲುವಂತಿರಿ ಎಂಬುದು ಅದರ ಮಾತು. ಜಪಾನಿನಲ್ಲಿ ಕನಿಷ್ಠ 3 ದಿನದ್ದು, ಸಾಧ್ಯವಾದರೆ ಒಂದು ವಾರದ್ದು ಇಟ್ಟುಕೊಳ್ಳಿ ಅನ್ನುತ್ತಾರೆ. ಜರ್ಮನಿಯ ಸಲಹೆ 10 ದಿನ. ಯುರೋಪಿಯನ್ ಒಕ್ಕೂಟ 2025ರ ಮಾರ್ಚಿನಲ್ಲಿ, ಪ್ರತಿ ಮನೆಯೂ ಕನಿಷ್ಠ 72 ಗಂಟೆ ತಾನೇ ಸಂಭಾಳಿಸುವಂತಿರಬೇಕು ಎಂದಿತು. ಹಾಗಾಗಿ ನಿಮ್ಮ ಯಜಮಾನರಿಗೆ ಹೇಳಿ, ಇದು ನಗುವ ವಿಷಯವಲ್ಲ. ಆದರೆ ನೀವೂ ಒಂದು ಗಮನಿಸಿ. ಇವರಲ್ಲಿ ಯಾರೂ ವರ್ಷದ ಲೆಕ್ಕ ಹೇಳುತ್ತಿಲ್ಲ.

ವರ್ಷದ ಲೆಕ್ಕವನ್ನೇ ಒಮ್ಮೆ ಹಾಕಿ ನೋಡೋಣ. ನಿರಾಶ್ರಿತರಿಗೆ ಪಡಿ ಕೊಡುವ ಸಂಸ್ಥೆಗಳು ಒಬ್ಬರಿಗೆ ದಿನಕ್ಕೆ ಸುಮಾರು 2,100 ಕಿಲೋ ಕ್ಯಾಲರಿ ಬೇಕು ಎಂದು ಹಿಡಿಯುತ್ತವೆ. ಧಾನ್ಯವೇ ಮುಖ್ಯವಾದ ಊಟದಲ್ಲಿ ಅದು ಒಬ್ಬರಿಗೆ ದಿನಕ್ಕೆ 400 ಗ್ರಾಂ ಧಾನ್ಯ ಅಂತಿಟ್ಟುಕೊಳ್ಳಿ. ಐದು ಜನಕ್ಕೆ ವರ್ಷಕ್ಕೆ 730 ಕಿಲೋ! ಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಬೇರೆ. ಎಲ್ಲಿಡುತ್ತೀರಿ? ಇಟ್ಟರೂ ನುಸಿ, ಇಲಿ, ತೇವದಿಂದ ಯಾರು ಕಾಯುತ್ತಾರೆ? ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಒಣ ಅಕ್ಕಿ, ಒಣ ಬೇಳೆ ಅರ್ಧ ಊಟ ಮಾತ್ರ. ಉಳಿದ ಅರ್ಧ ನೀರು ಮತ್ತು ಬೆಂಕಿ. ನಲ್ಲಿ ನಿಂತು, ಗ್ಯಾಸ್ ಖಾಲಿಯಾದರೆ 730 ಕಿಲೋ ಧಾನ್ಯದ ಪಕ್ಕದಲ್ಲೇ ಹಸಿದು ಕೂರಬೇಕಾಗುತ್ತದೆ.

ಅದಕ್ಕೇ ನನ್ನ ಸಲಹೆ ಇಷ್ಟು. ಗುರಿ ಎರಡು ವಾರ. ಶುರು ಮೂರು ದಿನದಿಂದ. ಮೊದಲು ನೀರು.

ಕುಡಿಯಲು, ಅಡುಗೆಗೆ, ಬಾಯಿ ಮುಕ್ಕಳಿಸಲು ಎಲ್ಲ ಸೇರಿ ಒಬ್ಬರಿಗೆ ದಿನಕ್ಕೆ 4 ಲೀಟರ್ ಹಿಡಿಯಿರಿ. ಸ್ನಾನ, ಬಟ್ಟೆ, ಶೌಚದ ನೀರು ಇದರಲ್ಲಿ ಸೇರಿಲ್ಲ. ನಿಮ್ಮ ಮನೆಗೆ ಮೂರು ದಿನಕ್ಕೆ 60 ಲೀಟರ್ ಆಯಿತು. 20 ಲೀಟರಿನ ಮೂರು ಕ್ಯಾನ್. ಇದನ್ನು ಈ ವಾರವೇ ಮಾಡಬಹುದು. ಎರಡು ವಾರಕ್ಕೆ 280 ಲೀಟರ್ ಆಗುತ್ತದೆ, ಅದಕ್ಕೆ ನಿಧಾನವಾಗಿ ಜಾಗ ಹೊಂದಿಸಿಕೊಳ್ಳಿ. ಚಾವಣಿಯ ಮೇಲೆ ಟ್ಯಾಂಕ್ ಇದ್ದರೆ, ಗೀಸರ್ ಇದ್ದರೆ, ಅಲ್ಲೂ ನೀರಿದೆ ಎಂಬುದು ನೆನಪಿರಲಿ. ಸರಬರಾಜು ನೀರು ಕೊಳಕಾಗಿದೆ ಎಂದು ತಿಳಿದ ಕೂಡಲೇ ಹೊರಗಿನಿಂದ ಬರುವ ಪೈಪಿನ ವಾಲ್ವ್ ತಿರುಗಿಸಿ ಬಂದ್ ಮಾಡಿದರೆ ಒಳಗಿನ ನೀರು ಉಳಿಯುತ್ತದೆ. ಆ ವಾಲ್ವ್ ಎಲ್ಲಿದೆ ಅಂತ ಇವತ್ತೇ ನೋಡಿಕೊಳ್ಳಿ. ಎಷ್ಟೋ ಮನೆಗಳಲ್ಲಿ ಅದು ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ, ಕೈಗೆ ತಿರುಗುವುದೇ ಇಲ್ಲ.

ಕ್ಯಾನ್ ತುಂಬುವುದರಲ್ಲೂ ಒಂದು ಕ್ರಮ ಇದೆ. ಹಾಲಿನದ್ದೋ ಜ್ಯೂಸಿನದ್ದೋ ಹಳೆ ಡಬ್ಬ ಬೇಡ. ಎಷ್ಟು ತೊಳೆದರೂ ಅದರ ಅಂಶ ಗೋಡೆಗೆ ಅಂಟಿರುತ್ತದೆ, ನೀರು ಕೆಡುತ್ತದೆ. ಕುಡಿಯುವ ನೀರಿಗೆಂದೇ ಮಾಡಿದ ಕ್ಯಾನನ್ನು ಸೋಪು ಹಾಕಿ ತೊಳೆದು, ಚೆನ್ನಾಗಿ ಜಾಲಿಸಿ, ಕತ್ತಿನವರೆಗೂ ತುಂಬಿ. ಮುಚ್ಚಳದ ಒಳಮೈಗೆ ಬೆರಳು ತಾಗಿಸಬೇಡಿ. ಮುಚ್ಚಿದ ಮೇಲೆ ಒಂದು ಚೀಟಿಯಲ್ಲಿ ತಾರೀಖು ಬರೆದು ಅಂಟಿಸಿ. ಬಿಸಿಲು ಬೀಳದ ಕಡೆ ಇಡಿ, ಪೆಟ್ರೋಲು, ಕೀಟನಾಶಕದ ಹತ್ತಿರ ಬೇಡ. ಆರು ತಿಂಗಳಾದ ಮೇಲೆ ಆ ನೀರನ್ನು ಗಿಡಕ್ಕೋ ನೆಲ ಒರೆಸಲೋ ಬಳಸಿ, ಹೊಸದು ತುಂಬಿ.

ಅನುಮಾನದ ನೀರನ್ನೇ ಕುಡಿಯಬೇಕಾಗಿ ಬಂದರೆ ಕುದಿಸುವುದೇ ಎಲ್ಲಕ್ಕಿಂತ ಒಳ್ಳೆಯದು. ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಸಾಕು. ಸಮುದ್ರಮಟ್ಟದಿಂದ 2,000 ಮೀಟರಿಗಿಂತ ಎತ್ತರದಲ್ಲಿದ್ದರೆ ಮೂರು ನಿಮಿಷ. ಉರುವಲು ಇಲ್ಲವೆಂದರೆ ಸುವಾಸನೆ, ಬಣ್ಣ ಏನೂ ಸೇರಿಸದ ಬ್ಲೀಚ್ ದ್ರಾವಣ ಆಗುತ್ತದೆ. 5ರಿಂದ 6 ಶೇಕಡಾ ಕ್ಲೋರಿನ್ ಶಕ್ತಿಯದ್ದಾದರೆ ತಿಳಿ ನೀರಿಗೆ ಲೀಟರಿಗೆ 2 ಹನಿ. ಕಲಕಿ ಅರ್ಧ ಗಂಟೆ ಬಿಡಿ. ಮೂಸಿದರೆ ಕ್ಲೋರಿನ್ ವಾಸನೆ ಸ್ವಲ್ಪ ಬರಬೇಕು. ನೀರು ಮಸುಕಾಗಿದ್ದರೆ ಮೊದಲು ಬಟ್ಟೆಯಲ್ಲಿ ಸೋಸಿ. ರಾಸಾಯನಿಕ ಬೆರೆತ ನೀರಿಗೆ ಮಾತ್ರ ಇದ್ಯಾವುದೂ ಮದ್ದಲ್ಲ. ಕುದಿಸಿದರೂ ಅದು ವಿಷವೇ.

ಇನ್ನು ಊಟ. ಮೊದಲ ಮೂರು ದಿನದ ಊಟ ಒಲೆ ಹಚ್ಚದೆ ತಿನ್ನುವಂತಿರಲಿ. ಅವಲಕ್ಕಿ, ಒಣಹಣ್ಣು, ಹುರಿದ ಕಾಳು, ಬಿಸ್ಕತ್ತು, ಹಾಲಿನ ಪುಡಿ, ಡಬ್ಬದಲ್ಲಿ ಬರುವ ಬೇಯಿಸಿದ ಕಾಳು. ಡಬ್ಬ ತಂದರೆ ಅದನ್ನು ತೆರೆಯುವ ಕೈ ಸಲಕರಣೆಯನ್ನೂ ತನ್ನಿ. ಉಬ್ಬಿದ, ಸೋರುವ ಡಬ್ಬವನ್ನು ರುಚಿ ಕೂಡ ನೋಡಬೇಡಿ, ಹಾಗೇ ಎಸೆಯಿರಿ. ಉಳಿದ ದಿನಗಳಿಗೆ ಒಣ ದಿನಸಿ. ಎರಡು ವಾರಕ್ಕೆ ಐದು ಜನಕ್ಕೆ 28 ಕಿಲೋ ಧಾನ್ಯ, 4-5 ಕಿಲೋ ಬೇಳೆ, 2 ಲೀಟರ್ ಎಣ್ಣೆ, ಜೊತೆಗೆ ಸಕ್ಕರೆ, ಉಪ್ಪು. ಇಷ್ಟಾದರೆ ಒಂದು ಕಪಾಟಿನಲ್ಲಿ ಹಿಡಿಯುತ್ತದೆ ಅಲ್ವಾ? ಬೇಳೆಯನ್ನು ನೆನೆಹಾಕಿ ಬೇಯಿಸಿದರೆ ಗ್ಯಾಸ್ ಉಳಿಯುತ್ತದೆ. ಬೇಗ ಬೇಯುವ ಒಡೆದ ಬೇಳೆಯೇ ಇಂಥ ಕಾಲಕ್ಕೆ ಲೇಸು.

ಮನೆಯವರು ದಿನವೂ ಏನು ತಿನ್ನುತ್ತಾರೋ ಅದನ್ನೇ ಕೂಡಿಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಇಪ್ಪತ್ತು ವರ್ಷ ಕೆಡದ ವಿಶೇಷ ಆಹಾರ ಅಂತ ಮಾರುವವರಿದ್ದಾರೆ. ಹೆದರಿದ ಮಗು ಗೊತ್ತಿಲ್ಲದ ರುಚಿಯನ್ನು ಬಾಯಿಗೇ ಇಡುವುದಿಲ್ಲ. ವಯಸ್ಸಾದವರ ಹೊಟ್ಟೆಗೆ ಹೊಸ ತಿನಿಸು ಆಗಿಬರುವುದಿಲ್ಲ. ಹೊಸ ನೀರು ಬಂದು ಹಳೆಯದು ಕೋಡಿ ಹರಿಯುವ ಕೆರೆಯ ಹಾಗಿರಬೇಕು ನಿಮ್ಮ ದಾಸ್ತಾನು. ಈ ವಾರ ತಂದ ಪೊಟ್ಟಣ ಹಿಂದಕ್ಕೆ, ಹಳೆಯದು ಮುಂದಕ್ಕೆ, ಅಡುಗೆಗೆ ಮುಂದಿನದ್ದು. ಆಗ ಏನೂ ಹಾಳಾಗುವುದಿಲ್ಲ, ಖರ್ಚೂ ಜಾಸ್ತಿ ಅನಿಸುವುದಿಲ್ಲ. ವಾರದ ಸಾಮಾನಿನ ಜೊತೆ ಒಂದೋ ಎರಡೋ ಪೊಟ್ಟಣ ಹೆಚ್ಚಿಗೆ ತಂದರೆ ಕೆಲವು ತಿಂಗಳಲ್ಲಿ ಎರಡು ವಾರದ್ದು ಸೇರಿರುತ್ತದೆ.

ಕೆಡುವ ವಿಷಯಕ್ಕೆ ಬಂದರೆ, ಪಾಲಿಶ್ ಮಾಡಿದ ಅಕ್ಕಿ ವರ್ಷಗಟ್ಟಲೆ ಇರುತ್ತದೆ. ಪಾಲಿಶ್ ಮಾಡದ ಅಕ್ಕಿಯ ತೌಡಿನಲ್ಲಿ ಎಣ್ಣೆಯಂಶ ಇದೆ, ಆರು ತಿಂಗಳ ಹೊತ್ತಿಗೆ ಕಮಟು ವಾಸನೆ ಶುರುವಾಗುತ್ತದೆ. ಇಡೀ ಗೋಧಿಯ ಹಿಟ್ಟಿನ ಕಥೆಯೂ ಅದೇ. ಆರೋಗ್ಯಕ್ಕೆ ಒಳ್ಳೆಯದು ಎಂದು ಪಾಲಿಶ್ ಮಾಡದ್ದನ್ನೇ ಮೂಟೆಗಟ್ಟಲೆ ತಂದಿಡಬೇಡಿ. ನುಸಿಯ ಮೊಟ್ಟೆ ಎಷ್ಟೋ ಸಲ ಅಂಗಡಿಯಿಂದಲೇ ಬಂದಿರುತ್ತದೆ. ಒಂದು ಹಿಡಿ ಅಕ್ಕಿಯನ್ನು ಬಿಳಿ ತಟ್ಟೆಗೆ ಸುರಿದು ನೋಡಿ. ಕಾಳಿನಲ್ಲಿ ಸೂಜಿ ಚುಚ್ಚಿದಂಥ ತೂತು, ತಳದಲ್ಲಿ ನುಣ್ಣನೆ ಪುಡಿ, ಪುಟ್ಟ ಮೂತಿಯ ಕಂದು ಹುಳ ಕಂಡರೆ ಅದು ಒಳಗೇ ಬೆಳೆಯುತ್ತಿದೆ ಎಂದರ್ಥ. ತಂದ ಧಾನ್ಯವನ್ನು ಸಣ್ಣ ಚೀಲಗಳಲ್ಲಿ ನಾಲ್ಕು ದಿನ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿಟ್ಟರೆ ಮೊಟ್ಟೆ ಸಾಯುತ್ತದೆ. ಹೊರತೆಗೆದು ತೇವ ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಕ್ಕೆ ಹಾಕಿ. ಒಂದು ದೊಡ್ಡ ಡ್ರಮ್ಮಿಗಿಂತ ಆರು ಸಣ್ಣ ಡಬ್ಬ ವಾಸಿ. ಒಂದಕ್ಕೆ ಹುಳ ಬಿದ್ದರೂ ಐದು ಉಳಿಯುತ್ತವೆ.

ನಿಮ್ಮ ಪತ್ರದಲ್ಲಿ ಅತ್ತೆಯ ಇನ್ಸುಲಿನ್ ಮಾತು ಒಂದೇ ಸಾಲಿನಲ್ಲಿ ಬಂದುಹೋಗಿದೆ. ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಅದರದ್ದೇ. ಊಟ ಎರಡು ದಿನ ಕಡಿಮೆಯಾದರೆ ತಡೆದುಕೊಳ್ಳಬಹುದು. ಇನ್ಸುಲಿನ್ ತಪ್ಪಿದರೆ ಕೆಲವರಿಗೆ ಜೀವಕ್ಕೇ ಕುತ್ತು. ಡಾಕ್ಟರ ಹತ್ತಿರ ಮಾತಾಡಿ, ಕೆಲವು ವಾರಗಳಿಗಾಗುವಷ್ಟು ಹೆಚ್ಚಿನ ಔಷಧಿಗೆ ಚೀಟಿ ಬರೆಸಿಕೊಳ್ಳಿ. ಕರೆಂಟು ಹೋದ ಮೇಲೆ ಬಾಗಿಲು ತೆರೆಯದ ಫ್ರಿಜ್ ಸುಮಾರು 4 ಗಂಟೆ ತಂಪಾಗಿರುತ್ತದೆ. ಬಳಕೆಯಲ್ಲಿರುವ ಇನ್ಸುಲಿನ್ ಬಹುಪಾಲು ವಿಧಗಳಲ್ಲಿ ನಾಲ್ಕು ವಾರದವರೆಗೆ ಫ್ರಿಜ್ ಇಲ್ಲದೆಯೂ ಇರಬಲ್ಲದು, ಆದರೆ ಕೋಣೆ 30 ಡಿಗ್ರಿ ದಾಟಬಾರದು. ನಿಮ್ಮ ಅತ್ತೆಯ ಔಷಧಿಗೆ ಎಷ್ಟು ದಿನ ಎಂದು ಡಾಕ್ಟರಿಂದಲೇ ತಿಳಿದು ಬರೆದಿಡಿ. ಸೆಖೆಯ ಊರುಗಳಲ್ಲಿ ಕರೆಂಟಿಲ್ಲದವರು ಮಣ್ಣಿನ ಮಡಕೆಯೊಳಗೆ ಇನ್ನೊಂದು ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ಆ ತಂಪಿನಲ್ಲಿ ಇನ್ಸುಲಿನ್ ಇಡುತ್ತಾರೆ. ಐಸಿಗೆ ನೇರವಾಗಿ ತಾಗಿಸಬಾರದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬರುವುದಿಲ್ಲ. ಸೂಜಿ, ಪರೀಕ್ಷೆಯ ಪಟ್ಟಿ, ಸಕ್ಕರೆ ದಿಢೀರ್ ಇಳಿದರೆ ಕೊಡಲು ಗ್ಲೂಕೋಸ್, ಎಲ್ಲ ಒಂದೇ ಚೀಲದಲ್ಲಿರಲಿ.

ವಿಪತ್ತಿನ ನಂತರ ಕಾಡುವ ಇನ್ನೊಂದು ಕಾಯಿಲೆ ಭೇದಿ. ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಮತಟ್ಟಾಗಿ 6 ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು. ಸೋಪು ಮರೆಯಬೇಡಿ.

ಬೆಳಕಿಗೆ ಎಲ್‌ಇಡಿ ಟಾರ್ಚು. ಮೇಣದಬತ್ತಿ ಬೇಡವೆಂದೇ ಹೇಳುತ್ತೇನೆ. ಭೂಕಂಪದ ನಂತರ ಗ್ಯಾಸ್ ಸೋರುತ್ತಿದ್ದರೆ ಒಂದು ಕಿಡಿ ಸಾಕು. ಸೆಲ್‌ಗಳನ್ನು ಟಾರ್ಚಿನೊಳಗೆ ಬಿಡದೆ ಪಕ್ಕದಲ್ಲಿಡಿ, ಇಲ್ಲದಿದ್ದರೆ ಸೋರಿ ಟಾರ್ಚೇ ಹಾಳಾಗುತ್ತದೆ. ಸೆಲ್ಲಿನಲ್ಲಿ ಓಡುವ ಒಂದು ರೇಡಿಯೊ ಇರಲಿ. ಇದ್ದಿಲ ಒಲೆಯನ್ನಾಗಲಿ ಜನರೇಟರನ್ನಾಗಲಿ ಮನೆಯೊಳಗೆ ಹಚ್ಚಲೇಬೇಡಿ, ಕಿಟಕಿ ತೆಗೆದಿದ್ದರೂ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ವಿಪತ್ತಿನಿಂದ ಬದುಕುಳಿದವರು ಆಮೇಲೆ ಮಲಗಿದಲ್ಲೇ ಸತ್ತಿರುವುದು ಇದರಿಂದ. ಜನರೇಟರು ಹೊರಗೆ, ಬಾಗಿಲು ಕಿಟಕಿಯಿಂದ ಕನಿಷ್ಠ 6 ಮೀಟರ್ ದೂರದಲ್ಲಿರಬೇಕು.

ಇಷ್ಟೆಲ್ಲ ಮಾಡಿಯೂ ಪ್ರವಾಹ ಬಂದರೆ ಮನೆ ಬಿಡಬೇಕಾಗುತ್ತದೆ. ಆಗ ಕಪಾಟು ಬೆನ್ನಿಗೆ ಬರುವುದಿಲ್ಲ. ಅದಕ್ಕೆ ಬಾಗಿಲ ಹತ್ತಿರ ಹೊರಬಲ್ಲಷ್ಟು ಭಾರದ ಒಂದು ಚೀಲ ಸಿದ್ಧವಿರಲಿ. ನೀರು, ಒಣ ತಿಂಡಿ, ಔಷಧಿ, ದಾಖಲೆಗಳ ನಕಲು, ಚಿಲ್ಲರೆ ನೋಟುಗಳು, ಕಾಗದದ ಮೇಲೆ ಬರೆದ ಫೋನ್ ನಂಬರುಗಳು. ನಂಬರೆಲ್ಲ ಮೊಬೈಲಿನಲ್ಲೇ ಇದ್ದರೆ ಅದರ ಚಾರ್ಜು ಮುಗಿದ ದಿನ ಮಕ್ಕಳಿಗೆ ಅಪ್ಪನ ನಂಬರೂ ನೆನಪಿಗೆ ಬರುವುದಿಲ್ಲ. ಪ್ರವಾಹದ ಜಾಗವಾದರೆ ದಿನಸಿ ಮೇಲಿನ ಹಲಗೆಯಲ್ಲಿರಲಿ, ಭೂಕಂಪದ ಜಾಗವಾದರೆ ಭಾರದ್ದೆಲ್ಲ ಕೆಳಗಿರಲಿ.

ನಿಮ್ಮ ಎರಡನೇ ಪ್ರಶ್ನೆ ನನಗೆ ತುಂಬಾ ಹಿಡಿಸಿತು. ಭಯದಲ್ಲಿರುವಾಗಲೂ ಬೇರೆಯವರ ಪಾಲಿನ ಬಗ್ಗೆ ಯೋಚಿಸಿದ್ದೀರಿ. 1943ರ ಬಂಗಾಳದ ಬರಗಾಲದಲ್ಲಿ ಲಕ್ಷಾಂತರ ಜನ ಸತ್ತರು. ಬೆಲೆ ಇನ್ನೂ ಏರುತ್ತದೆಂದು ಅಕ್ಕಿ ಕೂಡಿಟ್ಟವರ ಪಾಲೂ ಅದರಲ್ಲಿತ್ತು. ಹಾಗಾಗಿ ಸುಮ್ನೆ 'ಏನೂ ತಪ್ಪಿಲ್ಲ' ಎಂದು ತಳ್ಳಿಹಾಕುವ ಪ್ರಶ್ನೆ ಇದಲ್ಲ. ತಪ್ಪೋ ಸರಿಯೋ ಅನ್ನುವುದು ಯಾವಾಗ ಕೊಂಡಿರಿ, ಎಷ್ಟು ಕೊಂಡಿರಿ ಎಂಬುದರ ಮೇಲಿದೆ. 2020ರ ಮಾರ್ಚಿನಲ್ಲಿ ಎಷ್ಟೋ ದೇಶಗಳ ಅಂಗಡಿಗಳಲ್ಲಿ ಟಾಯ್ಲೆಟ್ ಪೇಪರ್ ಖಾಲಿಯಾಯಿತು. ಕಾರ್ಖಾನೆಗಳು ನಿಂತಿರಲಿಲ್ಲ. ಎಲ್ಲರೂ ಒಂದೇ ವಾರ ಎರಡು ಮೂರು ಪಟ್ಟು ಕೊಂಡಿದ್ದೇ ಕಾರಣ. ಅಂಗಡಿಯವರು ಮಾಮೂಲಿ ವ್ಯಾಪಾರಕ್ಕೆ ಸಾಕಾಗುವಷ್ಟೇ ತರಿಸಿರುತ್ತಾರೆ. ಅಂಥ ದಿನ ಕೊನೆಗೆ ಬರಿಗೈಲಿ ಹೋಗುವವರು ದಿನದ ಕೂಲಿ ಕೈಗೆ ಬಂದ ಮೇಲೆ ಸಂಜೆ ಅಂಗಡಿಗೆ ಬರುವವರು. ಎಲ್ಲ ಸರಿಯಿರುವಾಗ ವಾರಕ್ಕೊಂದು ಪೊಟ್ಟಣ ಹೆಚ್ಚಿಗೆ ಕೊಂಡರೆ ಯಾರ ಪಾಲೂ ಕಡಿಮೆಯಾಗುವುದಿಲ್ಲ. ಸುದ್ದಿ ಬಂದ ದಿನ ನೀವು ಸಾಲಿನಲ್ಲಿ ಇರುವುದಿಲ್ಲ, ಆ ಜಾಗ ಬೇರೆಯವರಿಗಾಯಿತು. ಪಕ್ಕದ ಮನೆಗೆಂದು ಕೆಲವು ಪೊಟ್ಟಣ ಜಾಸ್ತಿ ಇಡಿ ಅಂತಲೂ ಹೇಳುತ್ತೇನೆ. ಕುಸಿದ ಮನೆಯಿಂದ ಮೊದಲು ಕೈಹಿಡಿದು ಎಳೆಯುವವರು ಪಕ್ಕದ ಮನೆಯವರೇ.

ಮಕ್ಕಳ ವಿಷಯ. ದೊಡ್ಡವರು ಪಿಸುಮಾತಾಡಿದರೆ ಮಕ್ಕಳಿಗೆ ಹೆದರಿಕೆ ಜಾಸ್ತಿ. ಅವರಿಗೆ ಕೆಲಸ ಕೊಡಿ. ಕ್ಯಾನಿನ ಚೀಟಿಗೆ ತಾರೀಖು ಬರೆಯುವುದು ಚಿಕ್ಕವನದ್ದಾಗಲಿ, ಪೊಟ್ಟಣ ಹಿಂದುಮುಂದು ಮಾಡುವುದು ದೊಡ್ಡವಳದ್ದಾಗಲಿ. ನೀರು ಬದಲಿಸುವ ಆರು ತಿಂಗಳಿಗೊಮ್ಮೆ, ಒಂದು ರಜೆಯ ಸಂಜೆ ಮೇನ್ ಸ್ವಿಚ್ ಆರಿಸಿ, ನಲ್ಲಿ ಮುಟ್ಟದೆ, ಕಪಾಟಿನಲ್ಲಿದ್ದುದರಿಂದಲೇ ಐದು ಜನ ಊಟ ಮಾಡಿ. ಯಜಮಾನರನ್ನೂ ಕೂರಿಸಿಕೊಳ್ಳಿ. ಅವತ್ತು ಏನೇನು ಕೈಗೆ ಸಿಗಲಿಲ್ಲವೋ ಅವರಿಂದಲೇ ಬರೆಸಿ, ಮುಂದಿನ ವಾರದ ಸಾಮಾನಿನ ಚೀಟಿಗೆ ಅದನ್ನೇ ಮೊದಲು ಹಾಕಿ.

– ಸಂ.