ಅಪ್ಪನಿಗೆ ಒಂದು ಕಣ್ಣಿನ ಪೊರೆ ತೆಗೆಸಿದ್ದಾಯ್ತು, ಆದರೂ ಎಡವುತ್ತಾರೆ. ಎರಡನೇ ಕಣ್ಣಿನ ಆಪರೇಷನ್ ಮುಂದೂಡಬಹುದಾ?

"ಒಂದು ಕಣ್ಣು ಚೆನ್ನಾಗಿ ಕಾಣುತ್ತಿದೆಯಲ್ಲ, ಈ ವಯಸ್ಸಲ್ಲಿ ಅಷ್ಟು ಸಾಕು" ಅಂತ ಬರೆದಿದ್ದೀರಿ. ನಾನೂ ಇದೇ ಮಾತು ಆಡಿದ್ದೆ.

ಅಮ್ಮನಿಗೆ ಆಗ 72. ತೀರ್ಥಹಳ್ಳಿ ಹತ್ತಿರದ ಹಳೇ ಮನೆಯಲ್ಲಿದ್ದಳು. ಮೊದಲಿನಿಂದಲೂ ದಪ್ಪ ಕನ್ನಡಕ, ಮೈನಸ್ ಏಳು. ಎರಡೂ ಕಣ್ಣಿಗೆ ಪೊರೆ ಬಂತು. ಮೊದಲು ಬಲಗಣ್ಣಿಗೆ ಲೆನ್ಸ್ ಹಾಕಿಸಿದೆವು. ಪಟ್ಟಿ ಬಿಚ್ಚಿದ ದಿನ ಕನ್ನಡಕ ಇಲ್ಲದೆ ಗೋಡೆ ಕ್ಯಾಲೆಂಡರಿನ ತಾರೀಕು ಓದಿ, "ಗೋಡೆ ಇಷ್ಟು ಬೆಳ್ಳಗಿದೆಯೇನೋ!" ಅಂದಳು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಎರಡು ಕಣ್ಣಿನ ಪವರಿಗೆ ಜಾಸ್ತಿ ವ್ಯತ್ಯಾಸ ಬಂದಿದೆ, ಒಂದು ತಿಂಗಳಲ್ಲಿ ಇನ್ನೊಂದನ್ನೂ ಮಾಡಿಸಿಬಿಡಿ" ಅಂದರು. ಆಯ್ತು ಅಂದೆ. ಆಮೇಲೆ ಅಡಿಕೆ ಕೊಯ್ಲು, ನನಗೆ ರಜೆ ಇಲ್ಲ, ಅದೂ ಇದೂ. ಐದು ತಿಂಗಳು ಹೋಯಿತು.

ಆ ಐದು ತಿಂಗಳಲ್ಲಿ ಏನಾಯಿತು ಅಂತ ಬಿಡಿಸಿ ಹೇಳುತ್ತೇನೆ, ಬೇಜಾರಾಗಬೇಡಿ. ಹಳೇ ಕನ್ನಡಕ ಹಾಕಿದರೆ ಆಪರೇಷನ್ ಆದ ಕಣ್ಣು ಮಂಜು. ತೆಗೆದರೆ ಎಡಗಣ್ಣು ಮಂಜು. ನಾನು ದೊಡ್ಡ ಬುದ್ಧಿವಂತನ ಹಾಗೆ ಬಲಗಡೆ ಪ್ಲೇನ್ ಗ್ಲಾಸ್ ಹಾಕಿಸಿದೆ. ಮೈನಸ್ ಗ್ಲಾಸು ಎಲ್ಲವನ್ನೂ ಚಿಕ್ಕದಾಗಿ ತೋರಿಸುತ್ತದೆ. ಅಂದರೆ ಒಂದು ಕಣ್ಣಿಗೆ ಬಾಗಿಲು ದೊಡ್ಡದು, ಇನ್ನೊಂದಕ್ಕೆ ಅದೇ ಬಾಗಿಲು ಚಿಕ್ಕದು. ಎರಡೂ ಒಂದಾಗಿ ಕೂಡುವುದೇ ಇಲ್ಲ. ತಲೆ ತಿರುಗುತ್ತೆ ಅಂತ ಅಮ್ಮ ಕನ್ನಡಕವನ್ನು ಗೂಡಿನಲ್ಲಿಟ್ಟಳು. ಅಲ್ಲಿಂದ ಒಂದೇ ಕಣ್ಣಿನ ಓಡಾಟ. ಆದರೆ ಎಷ್ಟು ದೂರ, ಎಷ್ಟು ಆಳ ಅಂತ ಸರಿಯಾಗಿ ತಿಳಿಯಲು ಎರಡೂ ಕಣ್ಣು ಒಟ್ಟಿಗೆ ಬೇಕು.

ಊರಿಗೆ ಹೋಗಿದ್ದಾಗ ಒಂದು ಬೆಳಗ್ಗೆ ಅಮ್ಮ ಕಾಫಿ ಬಗ್ಗಿಸಿದಳು. ಧಾರೆ ಲೋಟದ ಅಂಚಿಗೆ ತಾಗಿ ಕಟ್ಟೆ ಮೇಲೆ ಹರಿಯಿತು. ಮಾರನೇ ದಿನವೂ ಹಾಗೇ. "ಗಮನ ಎಲ್ಲಿದೆ ಅಮ್ಮಾ" ಅಂತ ಗದರಿದೆ. ಬಟ್ಟೆ ತಂದು ಒರೆಸಿದವನೂ ನಾನೇ, ಆದರೂ ಹೊಳೆಯಲಿಲ್ಲ.

ಬಚ್ಚಲುಮನೆಗೆ ಇಳಿಯಲು ಒಂದೇ ಮೆಟ್ಟಿಲು. ನಲವತ್ತೈದು ವರ್ಷ ಇಳಿದದ್ದು. ಮೆಟ್ಟಿಲೂ ಕಡಪಾ ಕಲ್ಲು, ನೆಲವೂ ಕಡಪಾ ಕಲ್ಲು, ಅಂಚು ಗೊತ್ತಾಗಲಿಲ್ಲ. ಬಲಗೈ ಊರಿ ಬಿದ್ದಳು. ಮಣಿಕಟ್ಟು ಮುರಿಯಿತು. ಸೊಂಟ ಉಳಿದದ್ದೇ ಪುಣ್ಯ.

ಹಾಗಾಗಿ, ಎಡವುತ್ತಾರೆ ಅಂತ ಆಪರೇಷನ್ ಮುಂದೂಡುವ ನಿಮ್ಮ ಲೆಕ್ಕವೇ ತಲೆಕೆಳಗು. ಬ್ರಿಟನ್ನಿನ ನಾಟಿಂಗ್‌ಹ್ಯಾಮ್‌ನಲ್ಲಿ 70 ದಾಟಿದ 306 ಹೆಂಗಸರ ಮೇಲೆ ಒಂದು ಅಧ್ಯಯನ ನಡೆದಿತ್ತು, 2005ರಲ್ಲಿ ಪ್ರಕಟವಾಯಿತು. ಮೊದಲ ಕಣ್ಣಿನ ಪೊರೆಯನ್ನು ಬೇಗ ತೆಗೆಸಿಕೊಂಡವರು, ಸುಮಾರು ಒಂದು ವರ್ಷ ಸರದಿಯಲ್ಲಿ ಕಾದವರಿಗಿಂತ ಶೇ. 34ರಷ್ಟು ಕಡಿಮೆ ಬಿದ್ದರು. ಎರಡನೇ ಕಣ್ಣಿನ ವಿಷಯದಲ್ಲಿ ಅಲ್ಲಿನವರಿಗೇ ಅಷ್ಟು ಖಚಿತವಾದ ಫಲ ಕಾಣಲಿಲ್ಲ, ಅದನ್ನೂ ಹೇಳಬೇಕು. ಪವರಿನ ವ್ಯತ್ಯಾಸ ಕಡಿಮೆ ಇದ್ದವರು ಬೇಕಾದರೆ ಕಾಯಲಿ. ನಮ್ಮಮ್ಮನ ತರಹ ದಪ್ಪ ಕನ್ನಡಕದವರು ಕಾಯಬಾರದು, ನನ್ನದು ಇಷ್ಟೇ ಮಾತು. ನಿಮ್ಮ ತಂದೆಯ ಹಳೇ ಚೀಟಿ ತೆಗೆದು ಪವರ್ ಎಷ್ಟಿತ್ತು ನೋಡಿ, ಈ ವಾರವೇ ಡಾಕ್ಟರ ಹತ್ತಿರ ಹೋಗಿ. ಬಿಪಿ, ನಿದ್ದೆ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ, ಎಲ್ಲ ಎಡವುವಿಕೆಯೂ ಕಣ್ಣಿನದೇ ಆಗಿರಬೇಕಿಲ್ಲ. ಬೈಫೋಕಲ್ ಇದ್ದರೆ ಮೆಟ್ಟಿಲ ಹತ್ತಿರ ಜೋಪಾನ, ಓದುವ ಭಾಗದಿಂದ ಕೆಳಗೆ ನೋಡಿದರೆ ಕಾಲ ಬಳಿಯ ಅಂಚು ಮಬ್ಬಾಗುತ್ತದೆ. ಮೆಟ್ಟಿಲ ಅಂಚಿಗೆ ಹಳದಿ ಬಣ್ಣ ಬಳಿಯಿರಿ. ನಾನು ಬಳಿದದ್ದು ಅಮ್ಮ ಬಿದ್ದ ಮೇಲೆ.

ಕೈಯ ಪ್ಲಾಸ್ಟರ್ ಬಿಚ್ಚಿ ಎಡಗಣ್ಣಿಗೂ ಮಾಡಿಸಿದೆವು. ಈಗ ಕಾಫಿ ಲೋಟಕ್ಕೇ ಬೀಳುತ್ತದೆ. ಬಲಗೈ ಪೂರ್ತಿ ತಿರುಗುವುದಿಲ್ಲ, ಎಡಗೈಯಲ್ಲಿ ಬಗ್ಗಿಸುತ್ತಾಳೆ.